ಚರ್ಚ್ ಗಂಟೆಯ ಧ್ವನಿಮುದ್ರಣ ಕೈಯಲ್ಲಿದೆ: ಸ್ಯಾಂಪ್ಲರೋ, ಗ್ರ್ಯಾನ್ಯುಲರೋ, ಮರುಕಟ್ಟಣೆಯೋ?

ಚರ್ಚ್ ಗಂಟೆಯ ಸದ್ದನ್ನು ಮುದ್ರಿಸಿಕೊಂಡು ಎಲೆಕ್ಟ್ರಾನಿಕ್ ಸಂಗೀತ ಮಾಡಲು ಕೂತವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಸ್ಯಾಂಪ್ಲರ್‌ಗೆ ಹಾಕಿ ಕೀಬೋರ್ಡ್‌ನಲ್ಲಿ ನುಡಿಸುವುದೋ, ಗ್ರ್ಯಾನ್ಯುಲರ್‌ನಲ್ಲಿ ಚೂರು ಮಾಡುವುದೋ, ಹತ್ತು ಪಟ್ಟು ಹಿಗ್ಗಿಸುವುದೋ, ಒಳಗಿನ ಸ್ವರಗಳನ್ನು ಬಿಡಿಸಿ ಮತ್ತೆ ಕಟ್ಟುವುದೋ, ಕಾನ್ವಲ್ಯೂಷನ್ ಮೂಲಕ ಬೇರೆ ಸದ್ದಿನ ಜೊತೆ ಬೆಸೆಯುವುದೋ? ಹೆಚ್ಚಿನವರು ಮೊದಲು ಸಾಫ್ಟ್‌ವೇರ್ ಆರಿಸುತ್ತಾರೆ, ಆಮೇಲೆ ಅದರೊಳಗೆ ಗಂಟೆಯನ್ನು ತುರುಕುತ್ತಾರೆ. ಅದು ತಿರುಗುಮುರುಗು. ಗಂಟೆಯಿಂದ ನಿಮಗೆ ಬೇಕಿರುವುದು ಅದರ ಏಟೋ, ಏಟಿನ ನಂತರದ ಅನುರಣನವೋ, ಅಥವಾ ಒಳಗೆ ಅಡಗಿರುವ ಸ್ವರಗಳೋ ಎಂಬುದನ್ನು ಮೊದಲು ತೀರ್ಮಾನಿಸಿ. ದಾರಿ ಅದರ ಮೇಲೆ ನಿಂತಿದೆ.

ಹಾಗೆ ತೀರ್ಮಾನಿಸಲು ಗಂಟೆಯ ಒಳಗೇನಿದೆ ಎಂದು ಸ್ವಲ್ಪ ತಿಳಿದಿರಬೇಕು.

ಒಂದು ಏಟಿನಲ್ಲಿ ಎಷ್ಟು ಸ್ವರ

ತಂತಿ ಅಥವಾ ಕೊಳಲಿನ ನಾದದಲ್ಲಿ ಮೇಲಿನ ಸ್ವರಗಳು ಮೂಲಸ್ವರದ 2, 3, 4 ಪಟ್ಟಿನಲ್ಲಿ ಸಾಲಾಗಿ ಕೂರುತ್ತವೆ. ಗಂಟೆಯಲ್ಲಿ ಹಾಗಿಲ್ಲ. ಶ್ರುತಿ ಮಾಡಿದ ಪಾಶ್ಚಾತ್ಯ ಚರ್ಚ್ ಗಂಟೆಯಲ್ಲಿ ಕೆಳಗಿನಿಂದ ಐದು ಮುಖ್ಯ ಪಾರ್ಷಿಯಲ್‌ಗಳಿವೆ, ಅಂದರೆ ಒಟ್ಟು ನಾದದೊಳಗಿನ ಬಿಡಿ ಸ್ವರಗಳು: ಹಮ್, ಪ್ರೈಮ್, ಟಿಯರ್ಸ್, ಕ್ವಿಂಟ್, ನಾಮಿನಲ್. ಅವುಗಳ ಅನುಪಾತ ಸುಮಾರು 0.5, 1, 1.2, 1.5, 2. ಅಂದರೆ 440 ಹರ್ಟ್ಸ್‌ನಲ್ಲಿ ಕೇಳಿಸುವ ಗಂಟೆಯೊಂದು 220, 440, 528, 660, 880 ಹರ್ಟ್ಸ್‌ಗಳನ್ನು ಒಟ್ಟಿಗೆ ನುಡಿಸುತ್ತಿರುತ್ತದೆ. ಇದು ಆದರ್ಶದ ಲೆಕ್ಕ. ಹಳೆಯ ಗಂಟೆಗಳಲ್ಲಿ ಹಮ್ ಸ್ವರ ಒಂದು ಸ್ಥಾಯಿ ಕೆಳಗೆ ಕೂರದೆ ಸ್ವಲ್ಪ ಏರಿರುವುದು ಸಾಮಾನ್ಯ. ಇಂಗ್ಲೆಂಡಿನಲ್ಲಿ ಈ ಐದನ್ನೂ ಜೋಡಿಸಿ ಶ್ರುತಿ ಮಾಡುವ ಪದ್ಧತಿ ಕ್ಯಾನನ್ ಸಿಂಪ್ಸನ್ ಎಂಬ ಪಾದ್ರಿಯ ಒತ್ತಾಯದಿಂದ 1890ರ ದಶಕದಲ್ಲಿ ಗಟ್ಟಿಯಾಯಿತು.

ಇಲ್ಲಿ ಎರಡು ವಿಚಾರ ಮುಂದಿನ ಎಲ್ಲ ಆಯ್ಕೆಗಳನ್ನೂ ಕಾಡುತ್ತವೆ. ಒಂದು, 1.2 ಅನುಪಾತದ ಟಿಯರ್ಸ್. ಗಂಟೆಯನ್ನು ಷಡ್ಜವೆಂದುಕೊಂಡರೆ ಅದರೊಳಗೆ ಸದಾ ಸಾಧಾರಣ ಗಾಂಧಾರ, ಹಿಂದೂಸ್ತಾನಿಯವರ ಮಾತಿನಲ್ಲಿ ಕೋಮಲ ಗಾಂಧಾರ, ನುಡಿಯುತ್ತಿರುತ್ತದೆ. ಅಂತರ ಗಾಂಧಾರದ ಶಂಕರಾಭರಣವನ್ನು ಅದರ ಮೇಲೆ ನುಡಿಸಿದರೆ ಎರಡು ಗಾಂಧಾರಗಳು ತಿಕ್ಕಾಡುತ್ತವೆ. ಖರಹರಪ್ರಿಯವೋ ತೋಡಿಯೋ ಆದರೆ ಆ ಜಗಳವಿಲ್ಲ.

ಎರಡನೆಯದು, ನಾವು 'ಇದು ಗಂಟೆಯ ಸ್ವರ' ಎಂದು ಗುರುತಿಸುವ ಸ್ವರ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಸದ್ದನ್ನು ಅಳೆದಾಗ ಕಾಣುವ ಆವರ್ತನಗಳ ಸಾಲಿನಲ್ಲಿ, ಇರಲೇಬೇಕೆಂದಿಲ್ಲ. ನಾಮಿನಲ್ ಮತ್ತು ಅದರ ಮೇಲಿನ ಪಾರ್ಷಿಯಲ್‌ಗಳು ಸರಿಸುಮಾರು 2, 3, 4ರ ಅನುಪಾತದಲ್ಲಿ ಇರುವುದರಿಂದ ಕಿವಿಯೇ ಅವುಗಳ ಕೆಳಗೆ ಒಂದು ಸ್ವರವನ್ನು ಕಟ್ಟಿಕೊಳ್ಳುತ್ತದೆ. ಇಂಗ್ಲೆಂಡಿನ ವಿಂಚೆಸ್ಟರ್ ಕ್ಯಾಥೆಡ್ರಲಿನ ಅತಿ ದೊಡ್ಡ ಗಂಟೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಬ್ರಿಟಿಷ್ ಸಂಗೀತ ರಚನಕಾರ ಜೊನಾಥನ್ ಹಾರ್ವಿ 1980ರಲ್ಲಿ ಪ್ಯಾರಿಸ್ಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಆ ಗಂಟೆಯ ಮುದ್ರಣವನ್ನೂ ತನ್ನ ಮಗನ ಹಾಡಿನ ದನಿಯನ್ನೂ ಬಳಸಿ 'ಮಾರ್ಟುವೋಸ್ ಪ್ಲಾಂಗೋ, ವಿವೋಸ್ ವೋಕೋ' ಎಂಬ ಎಂಟು ಚಾನೆಲ್‌ಗಳ ಕೃತಿ ಮಾಡಿದ. ಆ ಗಂಟೆಯ ಅತಿ ಕೆಳಗಿನ ಸ್ವರ 130 ಹರ್ಟ್ಸ್. ಅದರ ಜೊತೆಗೆ 347 ಹರ್ಟ್ಸ್‌ನ ಇನ್ನೊಂದು ಸ್ವರ ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಅಳೆದು ನೋಡಿದರೆ ಆ ಜಾಗದಲ್ಲಿ ಏನೂ ಇಲ್ಲ. ನಿಮ್ಮ ಟ್ಯೂನರ್ ಆ್ಯಪ್ ಗಂಟೆಯ ಮುಂದೆ ತಡಬಡಾಯಿಸಿದರೆ ತಪ್ಪು ಆ್ಯಪಿನದಲ್ಲ.

ಯಾವುದರಿಂದ ತೂಗಬೇಕು

ಐದೂ ದಾರಿಗಳನ್ನು ಐದು ಪ್ರಶ್ನೆಗಳಿಂದ ಅಳೆಯೋಣ. ಕೊನೆಗೆ ಕೇಳುಗನಿಗೆ ಅದು ಗಂಟೆ ಎಂದು ಗೊತ್ತಾಗಬೇಕೇ? ಉಳಿದ ವಾದ್ಯಗಳ ಶ್ರುತಿಗೆ ಅದು ಹೊಂದಬೇಕೇ? ನಿಮ್ಮ ಮುದ್ರಣದಲ್ಲಿರುವ ಗಾಳಿ, ವಾಹನ, ಕಾಗೆಗಳ ಸದ್ದನ್ನು ಆ ವಿಧಾನ ಎಷ್ಟು ಸಹಿಸುತ್ತದೆ? ವೇದಿಕೆಯ ಮೇಲೆ ನುಡಿಸಲು ಬರುತ್ತದೆಯೇ, ಅಥವಾ ಕೂತು ರೆಂಡರ್ ಮಾಡುವ, ಅಂದರೆ ಕಂಪ್ಯೂಟರಿನಿಂದ ಮೊದಲೇ ಫೈಲ್ ಮಾಡಿಸಿಡುವ, ಕೆಲಸವೇ? ಕೊನೆಯದು ದುಡ್ಡು ಮತ್ತು ಸಮಯ. ಇವುಗಳಲ್ಲಿ ಮೂರನೆಯದನ್ನೇ ಜನ ಮರೆಯುವುದು, ಅದರಿಂದಲೇ ಹೆಚ್ಚು ಕೆಲಸ ಹಾಳಾಗುವುದು. ಆದ್ದರಿಂದ ಮೊದಲು ಅದೇ.

ಮುದ್ರಣ ಹೇಗಿದ್ದರೆ ಯಾವ ಬಾಗಿಲು ತೆರೆಯುತ್ತದೆ

ತೂಗಾಡುತ್ತಾ ಬಾರಿಸುವ ಗಂಟೆಯಲ್ಲಿ ಒಂದೆರಡು ಸೆಕೆಂಡಿಗೊಮ್ಮೆ ಹೊಸ ಏಟು ಬೀಳುತ್ತದೆ, ಹಿಂದಿನ ಅನುರಣನ ಪೂರ್ತಿ ಸಿಗುವುದಿಲ್ಲ. ದೊಡ್ಡ ಗಂಟೆಯ ಹಮ್ ಸ್ವರ ಅರ್ಧ ನಿಮಿಷವಾದರೂ ಉಳಿಯುವಂಥದ್ದು. ಅದು ಬೇಕಿದ್ದರೆ ಗಡಿಯಾರವಿರುವ ಚರ್ಚಿನ ಎದುರು ಮಧ್ಯಾಹ್ನ ಒಂದು ಗಂಟೆ ಹೊಡೆಯುವುದಕ್ಕೆ ಕಾಯುವುದು ಎಲ್ಲಕ್ಕಿಂತ ಸುಲಭ: ಒಂದೇ ಏಟು, ಹಿಂದೆ ತಡೆಯಿಲ್ಲದ ಗುಂಗು. ಗಡಿಯಾರದ ಸುತ್ತಿಗೆ ಹೊರಗಿನಿಂದ ಹೊಡೆಯುವುದರಿಂದ ಒಳಗಿನ ನಾಲಗೆಯ ಏಟಿಗಿಂತ ನಾದ ಸ್ವಲ್ಪ ಬೇರೆ ಎಂಬುದು ನೆನಪಿರಲಿ. ಮಂಗಳೂರಿನ ಕಡೆಯ ಇಗರ್ಜಿಗಳಾಗಲಿ, ಮೈಸೂರು, ಬೆಂಗಳೂರಿನ ಕ್ಯಾಥಲಿಕ್ ಚರ್ಚುಗಳಾಗಲಿ, ಆಂಜೆಲಸ್ ಪ್ರಾರ್ಥನೆಯ ಗಂಟೆ ಬಾರಿಸುವ ರೂಢಿ ಇದ್ದಲ್ಲಿ ಅದೂ ಒಳ್ಳೆಯ ಅವಕಾಶ. ಸಂಪ್ರದಾಯದ ಪ್ರಕಾರ ಮೂರು, ಬಿಡುವು, ಮೂರು, ಬಿಡುವು, ಮೂರು, ಆಮೇಲೆ ಒಂಬತ್ತು ಏಟು. ಬಿಡುವುಗಳಲ್ಲಿ ಅನುರಣನ ಸಿಗುತ್ತದೆ. ಸಾವಿನ ಗಂಟೆಯ ಏಟುಗಳು ಇನ್ನೂ ದೂರ ದೂರ ಬೀಳುತ್ತವೆ. ಆದರೆ ಅದಕ್ಕೆ ಹೊಂಚು ಹಾಕುವ ಬದಲು ಪಾದ್ರಿಗಳನ್ನು ಕೇಳಿ ಬೇರೆ ಹೊತ್ತಿನಲ್ಲಿ ನಾಲ್ಕು ಏಟು ಹೊಡೆಸಿಕೊಳ್ಳುವುದು ಮರ್ಯಾದೆ.

ಕೆಲವೆಡೆ ನಿಜವಾದ ಗಂಟೆಯೇ ಇರುವುದಿಲ್ಲ, ಹಾರ್ನ್ ಸ್ಪೀಕರಿನಿಂದ ಮುದ್ರಿತ ಗಂಟೆ ಬರುತ್ತಿರುತ್ತದೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಆಡಾಸಿಟಿ ಎಂಬ ಉಚಿತ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್ (ಕಾಲ ಸಾಗಿದಂತೆ ಆವರ್ತನಗಳನ್ನು ತೋರಿಸುವ ಚಿತ್ರ) ತೆರೆದು ನೋಡಿ. ಎಲ್ಲ ಏಟುಗಳೂ ಒಂದರ ನಕಲಿನಂತೆ ಒಂದಿದ್ದು, ಕೆಳಗಿನ ಹಮ್ ಕಾಣೆಯಾಗಿ, ಮೇಲೆಯೂ ಒಂದು ಮಟ್ಟದಲ್ಲಿ ಕತ್ತರಿಸಿದಂತಿದ್ದರೆ ಅದು ಸ್ಪೀಕರ್.

ಸೆಟ್ಟಿಂಗ್: 24 ಬಿಟ್, 48 ಕಿಲೋಹರ್ಟ್ಸ್ ಸಾಕು. ಏಟಿನ ತುದಿ ಮೈನಸ್ 12 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. ಮೊದಲ ಏಟು ಎಷ್ಟು ಜೋರು ಬರುತ್ತದೆ ಎಂದು ಹೇಳಲಾಗದು, ಆದ್ದರಿಂದ ಮಟ್ಟ ಮೀರಿದರೂ ಆಮೇಲೆ ಇಳಿಸಿಕೊಳ್ಳಬಹುದಾದ 32 ಬಿಟ್ ಫ್ಲೋಟ್ ಇರುವ ರೆಕಾರ್ಡರ್ ಸಿಕ್ಕರೆ ಈ ತಲೆನೋವೇ ಇಲ್ಲ. ಎರಡು ಸ್ಥಾಯಿ ಕೆಳಗಿಳಿಸುವ ಯೋಚನೆ ಇದ್ದರೆ 96 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿ. 48ರಲ್ಲಿ ಮುದ್ರಿಸಿದ್ದನ್ನು ಅಷ್ಟು ಇಳಿಸಿದರೆ 6 ಕಿಲೋಹರ್ಟ್ಸ್ ಮೇಲೆ ಏನೂ ಉಳಿಯದೆ ಸದ್ದು ಮಂಕಾಗುತ್ತದೆ. ಮೈಕಿಗೆ 20 ಕಿಲೋಹರ್ಟ್ಸ್ ಮೇಲೆ ಕಿವಿಯಿಲ್ಲದಿದ್ದರೆ 96ರಿಂದಲೂ ದೊಡ್ಡ ಲಾಭವಿಲ್ಲ, ಅದೂ ನಿಜ. ಗೋಪುರದೊಳಗೆ ಹೋಗುವುದಾದರೆ ಇಯರ್‌ಮಫ್ ಇಲ್ಲದೆ ಬೇಡ. ಹೊರಗೆ ಮುದ್ರಿಸುವಾಗ ಮೈಕಿಗೆ ತುಪ್ಪಳದ ಗಾಳಿತಡೆ ಇಲ್ಲದೆ ಬೇಡ.

ಸ್ವಂತ ಮುದ್ರಣ ಸಾಧ್ಯವಿಲ್ಲದಿದ್ದರೆ ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದವರು 2005ರಿಂದ ನಡೆಸುತ್ತಿರುವ ಫ್ರೀಸೌಂಡ್ ಎಂಬ ಸದ್ದುಗಳ ಜಾಲತಾಣ ಇದೆ. ಅಲ್ಲಿ ಪ್ರತಿ ಫೈಲಿನ ಪರವಾನಗಿ ನೋಡಿ ಇಳಿಸಿಕೊಳ್ಳಿ. 'ವಾಣಿಜ್ಯ ಬಳಕೆಗಲ್ಲ' ಎಂದಿರುವುದನ್ನು ಹಾಡಿಗೆ ಹಾಕಿ ಸ್ಟ್ರೀಮಿಂಗಿಗೆ ಬಿಟ್ಟರೆ ತೊಂದರೆ. ಎಂಪಿ3 ರೂಪದ ಗಂಟೆಗಳನ್ನು ಸ್ಯಾಂಪ್ಲರ್‌ಗೆ ಬಳಸಬಹುದು, ಹಿಗ್ಗಿಸುವುದಕ್ಕೆ ಬೇಡ. ಸಂಕುಚನದಲ್ಲಿ ಕಳೆದುಹೋದದ್ದು ಹತ್ತು ಪಟ್ಟು ಹಿಗ್ಗಿದಾಗ ನೀರಿನ ಗುಳುಗುಳು ಸದ್ದಾಗಿ ಎದ್ದು ಬರುತ್ತದೆ.

ಸ್ಯಾಂಪ್ಲರ್: ಏಟು ಬೇಕಾದವರಿಗೆ

ಮುದ್ರಿಸಿದ ಏಟನ್ನು ಕೀಲಿಗಳ ಮೇಲೆ ಹರಡಿ ನುಡಿಸುವುದು. ಕೇಳಿದ ಕೂಡಲೇ ಗಂಟೆ ಎಂದು ಗೊತ್ತಾಗುತ್ತದೆ, ವೇದಿಕೆಯಲ್ಲಿ ಸಲೀಸು, ಮುದ್ರಣದ ಗದ್ದಲವನ್ನೂ ತಕ್ಕಮಟ್ಟಿಗೆ ಸಹಿಸುತ್ತದೆ. ಏಟು ಜೋರಾಗಿರುವುದರಿಂದ ಹಿಂದಿನ ಸದ್ದು ಮುಚ್ಚಿಹೋಗುತ್ತದೆ, ಅನುರಣನದ ಕೊನೆಯನ್ನು ಉದ್ದನೆಯ ಫೇಡ್‌ನಿಂದ ಮುಚ್ಚಬಹುದು. ಡಿಸೆಂಟ್ ಸ್ಯಾಂಪ್ಲರ್ ಉಚಿತ. ನಿಮ್ಮ ಬಳಿ ಇರುವ ಯಾವುದೇ ಡಿಎಡಬ್ಲ್ಯೂನ (ಸಂಗೀತ ಮುದ್ರಿಸಿ ಜೋಡಿಸುವ ತಂತ್ರಾಂಶದ) ಸ್ಯಾಂಪ್ಲರೂ ಆಗುತ್ತದೆ.

ಮೊದಲ ಎಡವಟ್ಟು ರೂಟ್ ಕೀ ಕೊಡುವಲ್ಲಿ, ಅಂದರೆ ಮುದ್ರಣದ ಮೂಲ ಸ್ವರ ಯಾವ ಕೀಲಿಯದು ಎಂದು ಹೇಳುವಲ್ಲಿ. ತಂತ್ರಾಂಶ ತಾನೇ ಗುರುತಿಸಿದ ಸ್ವರವನ್ನು ನಂಬಬೇಡಿ. ಅದು ಹಮ್ ಅನ್ನೋ ಟಿಯರ್ಸ್ ಅನ್ನೋ ಹಿಡಿದಿರುತ್ತದೆ. ಸ್ಪೆಕ್ಟ್ರಮ್ ನೋಡಿ ನಾಮಿನಲ್ ಗುರುತಿಸಿ, ಅದರ ಅರ್ಧವನ್ನು ಗಂಟೆಯ ಸ್ವರವೆಂದು ತೆಗೆದುಕೊಳ್ಳಿ. ನಾಮಿನಲ್ 856 ಹರ್ಟ್ಸ್ ಇದ್ದರೆ ಸ್ವರ 428. ಇದು 440ಕ್ಕಿಂತ ಸುಮಾರು 48 ಸೆಂಟ್ (ಸೆಂಟ್ ಎಂದರೆ ಅರ್ಧಸ್ವರ ಅಥವಾ ಸೆಮಿಟೋನಿನ ನೂರನೇ ಒಂದು ಪಾಲು) ಕೆಳಗೆ, ಅಂದರೆ ಎ ಮತ್ತು ಜಿ-ಶಾರ್ಪ್‌ಗಳ ಹೆಚ್ಚುಕಡಿಮೆ ನಡುವೆ. ಗಂಟೆಯನ್ನು 48 ಸೆಂಟ್ ಏರಿಸಬಹುದು. ಇಲ್ಲವೇ ಇಡೀ ಕೃತಿಯ ಶ್ರುತಿಯನ್ನೇ ಗಂಟೆಗೆ ತಕ್ಕಂತೆ ಇಳಿಸಬಹುದು. ಸಿಂಥಸೈಜರ್‌ಗಳಷ್ಟೇ ಇರುವ ಕೃತಿಯಾದರೆ ಎರಡನೆಯದೇ ಒಳ್ಳೆಯದು, ಗಂಟೆ ತನ್ನ ತೂಕ ಕಳೆದುಕೊಳ್ಳುವುದಿಲ್ಲ.

ಎರಡನೆಯದು, ದೂರದ ಕೀಲಿಗಳು. ಒಂದು ಸ್ಥಾಯಿ ಮೇಲೆ ನುಡಿಸಿದರೆ 40 ಸೆಕೆಂಡಿನ ಅನುರಣನ 20 ಸೆಕೆಂಡಿಗೆ ಇಳಿಯುತ್ತದೆ, ಕೆಳಗೆ ಹೋದರೆ 80 ಆಗುತ್ತದೆ. ಮೂರು ನಾಲ್ಕು ಸೆಮಿಟೋನ್ ಆಚೆ ಈಚೆಗೆ ಅದೇ ಗಂಟೆ, ಅದನ್ನು ಮೀರಿದರೆ ಬೇರೆ ಗಾತ್ರದ ಗಂಟೆಯಂತೆ ಕೇಳುತ್ತದೆ. ಅದೇ ನಿಮಗೆ ಬೇಕಾಗಿರಲೂಬಹುದು.

ಮೂರನೆಯದು ಸ್ವರಮೇಳ, ಸ್ಯಾಂಪ್ಲರ್ ಬಳಸುವವರ ನಿಜವಾದ ಸಂಕಟ ಇದು. ಸಿ, ಇ, ಜಿ ಸೇರಿಸಿ ಮೇಜರ್ ಕಾರ್ಡ್ ಹಿಡಿದರೆ ಸಿ ಗಂಟೆಯೊಳಗಿನ ಇ-ಫ್ಲ್ಯಾಟ್ ಪಕ್ಕದ ಇ ಗಂಟೆಯ ಜೊತೆ ಕಿತ್ತಾಡುತ್ತದೆ. ಮೈನರ್ ಹಿಡಿದರೆ ಪರಿಹಾರ ಎಂದು ಹಲವರು ಹೇಳುತ್ತಾರೆ, ಅದು ಅರ್ಧಸತ್ಯ. ಸಿ, ಇ-ಫ್ಲ್ಯಾಟ್, ಜಿ ಹಿಡಿದಾಗ ಇ-ಫ್ಲ್ಯಾಟ್ ಗಂಟೆ ತನ್ನೊಳಗಿನಿಂದ ಜಿ-ಫ್ಲ್ಯಾಟ್ ಹೊರಡಿಸುತ್ತದೆ, ಅದು ಜಿ ಗಂಟೆಗೆ ತಾಗುತ್ತದೆ. ಬರೀ ಸಿ ಮತ್ತು ಜಿ ಹಿಡಿದರೆ ಒಳಗಿನ ಟಿಯರ್ಸ್‌ಗಳು ಇ-ಫ್ಲ್ಯಾಟ್ ಮತ್ತು ಬಿ-ಫ್ಲ್ಯಾಟ್. ನಾಲ್ಕೂ ಸೇರಿ ಅಚ್ಚುಕಟ್ಟಾದ ಸಿ ಮೈನರ್ ಸೆವೆಂತ್ ಆಗುತ್ತದೆ. ಡಿಮಿನಿಷ್ಡ್ ಸೆವೆಂತ್ ಕಾರ್ಡ್ ಕೂಡ ಹೀಗೇ ತನ್ನೊಳಗೇ ಮುಚ್ಚಿಕೊಳ್ಳುತ್ತದೆ, ಕ್ಯಾರಿಲಾನ್ (ಕೀಲಿಗಳಿಂದ ನುಡಿಸುವ ಗಂಟೆಗಳ ವಾದ್ಯ) ಸಂಗೀತದಲ್ಲಿ ಅದಕ್ಕೆ ಅಷ್ಟು ಬೇಡಿಕೆ ಇರುವುದು ಇದರಿಂದಲೇ. ಎರಡಕ್ಕಿಂತ ಹೆಚ್ಚು ಗಂಟೆಗಳನ್ನು ಒಟ್ಟಿಗೆ ಬಾರಿಸುವ ಮುನ್ನ ಈ ಲೆಕ್ಕ ಕಾಗದದ ಮೇಲೆ ಮಾಡಿಕೊಳ್ಳಿ.

ಉಳಿದ ಸಣ್ಣ ವಿಷಯಗಳು: ಒಂದೇ ಏಟನ್ನು ಮತ್ತೆ ಮತ್ತೆ ಬಾರಿಸಿದರೆ ಯಂತ್ರದಂತೆ ಕೇಳುತ್ತದೆ, ಆದ್ದರಿಂದ ಬೇರೆ ಬೇರೆ ಬಲದ ನಾಲ್ಕಾರು ಏಟುಗಳನ್ನು ಮುದ್ರಿಸಿ ಸರದಿಯಲ್ಲಿ ಬರುವಂತೆ ಜೋಡಿಸಿ. ಒಂದೇ ಏಟು ಇದ್ದರೆ ವೆಲಾಸಿಟಿ (ಕೀಲಿ ಒತ್ತುವ ಬಲ) ಕಡಿಮೆಯಾದಂತೆ ಮೇಲಿನ ಆವರ್ತನಗಳನ್ನು ತಡೆಯುವ ಲೋಪಾಸ್ ಫಿಲ್ಟರ್ ಮುಚ್ಚುವಂತೆ ಮಾಡಿ, ಮೆಲ್ಲಗೆ ಹೊಡೆದ ಗಂಟೆ ನಿಜಕ್ಕೂ ಮಂಕಾಗಿಯೇ ಕೇಳುತ್ತದೆ. ಅನುರಣನಗಳು ಒಂದರ ಮೇಲೊಂದು ಬಿದ್ದು ಕೆಳಗೆ ಕೆಸರಾದರೆ ಮೇಲಿನ ಕೀಲಿಗಳಿಗೆ ಮಾತ್ರ ಹಮ್‌ನ ಮೇಲೆ ಹೈಪಾಸ್ (ಕೆಳಗಿನ ಆವರ್ತನಗಳನ್ನು ತಡೆಯುವ ಫಿಲ್ಟರ್) ಹಾಕಿ, ರಿಲೀಸನ್ನು (ಕೀಲಿ ಬಿಟ್ಟ ಮೇಲೆ ಸದ್ದು ಆರುವ ಹೊತ್ತು) 3ರಿಂದ 8 ಸೆಕೆಂಡ್ ಇಡಿ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋದಲ್ಲಿ ಒಂದು ನಿಮಿಷಕ್ಕೆ ಸುಮಾರು 17 ಎಂಬಿ, ಹಾಗಾಗಿ ಹಳೆಯ ಲ್ಯಾಪ್‌ಟಾಪಿಗೂ ಇದು ಹೊರೆಯಲ್ಲ.

ಗ್ರ್ಯಾನ್ಯುಲರ್: ಗಂಟೆ ಕರಗಿ ಮೋಡವಾಗಬೇಕಾದವರಿಗೆ

ಮುದ್ರಣವನ್ನು ಸಣ್ಣ ಚೂರುಗಳಾಗಿಸಿ, ಆ ಚೂರುಗಳನ್ನು ಬೇಕಾದ ವೇಗದಲ್ಲಿ, ಬೇಕಾದ ಜಾಗದಿಂದ ಉದುರಿಸುವುದು. ಇಲ್ಲಿ ಎಲ್ಲವೂ ಚೂರಿನ ಉದ್ದದ ಮೇಲಿದೆ. 80ರಿಂದ 200 ಮಿಲಿಸೆಕೆಂಡ್ ಇಟ್ಟರೆ ಗಂಟೆಯ ಲೋಹದ ಗುಣ ಉಳಿಯುತ್ತದೆ. 20ಕ್ಕೆ ಇಳಿಸಿದರೆ 130 ಹರ್ಟ್ಸ್‌ನ ಹಮ್‌ಗೆ ಒಂದು ಚೂರಿನಲ್ಲಿ ಎರಡೂವರೆ ಆವರ್ತವಷ್ಟೇ ಹಿಡಿಸುತ್ತದೆ, ಸ್ವರವೇ ಮಸುಕಾಗಿ ಮರಳು ಸುರಿದಂತಾಗುತ್ತದೆ. ಸೆಕೆಂಡಿಗೆ 20 ಚೂರು, ಪ್ರತಿಯೊಂದೂ 200 ಮಿಲಿಸೆಕೆಂಡ್ ಎಂದರೆ ಯಾವ ಕ್ಷಣದಲ್ಲೂ ನಾಲ್ಕು ಚೂರು ಒಂದರ ಮೇಲೊಂದಿರುತ್ತವೆ, ಶುರುಮಾಡಲು ಇದು ಒಳ್ಳೆಯ ಜಾಗ.

ಕೈಕೊಡುವುದು ಎಲ್ಲಿ? ಚೂರುಗಳು ಸಮ ಅಂತರದಲ್ಲಿ ಬಿದ್ದರೆ ಆ ವೇಗವೇ ಸ್ವರವಾಗುತ್ತದೆ, ಸೆಕೆಂಡಿಗೆ 50 ಚೂರು ಎಂದರೆ 50 ಹರ್ಟ್ಸ್‌ನ ಗುರ್ ಸದ್ದು. ಕಾಲದಲ್ಲೂ ಜಾಗದಲ್ಲೂ ಸ್ವಲ್ಪ ಯಾದೃಚ್ಛಿಕತೆ ಸೇರಿಸಿದರೆ ಅದು ಹೋಗುತ್ತದೆ. ಏಟಿನ ಮೊದಲ 150, 200 ಮಿಲಿಸೆಕೆಂಡನ್ನು ಚೂರುಗಳ ವ್ಯಾಪ್ತಿಯಿಂದ ಹೊರಗಿಡಿ, ಇಲ್ಲದಿದ್ದರೆ ಟಕಟಕ ನಿಲ್ಲುವುದಿಲ್ಲ. ಓದುವ ಜಾಗ ಮುಂದೆ ಸಾಗಿದಂತೆ ಸದ್ದು ಇಳಿಯುತ್ತದೆ, ಗಂಟೆ ಆರುತ್ತಾ ಹೋಗುವುದರಿಂದ. ಮೊದಲೇ ಮಟ್ಟ ಸಮ ಮಾಡಿಕೊಂಡರೆ ಕೊನೆಯ ಭಾಗದಲ್ಲಿ ಬೀದಿಯ ಸದ್ದೂ ಮೇಲೆ ಬರುತ್ತದೆ. ಆದ್ದರಿಂದ ಗದ್ದಲದ ಮುದ್ರಣವಿದ್ದರೆ ಮೊದಲ ಐದಾರು ಸೆಕೆಂಡಿನಲ್ಲೇ ಆಡಿ.

ವೇದಿಕೆಯ ಮೇಲೆ ಕೈಯಾಡಿಸಲು ಇಷ್ಟು ಜೀವಂತವಾದದ್ದು ಬೇರೊಂದಿಲ್ಲ. ಪ್ಯೂರ್ ಡೇಟಾ ಮತ್ತು ಸೂಪರ್‌ಕೊಲೈಡರ್ ಎಂಬ ತಂತ್ರಾಂಶಗಳು ಉಚಿತ, ಕಲಿಯಲು ತಾಳ್ಮೆ ಬೇಕು. ಏಬಲ್ಟನ್ ಲೈವ್ ಎಂಬ ಡಿಎಡಬ್ಲ್ಯೂನ ಸ್ವೀಟ್ (Suite) ಆವೃತ್ತಿ ಇರುವವರಿಗೆ ಗ್ರ್ಯಾನ್ಯುಲೇಟರ್ ಸಿಗುತ್ತದೆ, ಬಳಸುವುದು ಹತ್ತು ನಿಮಿಷದ ಕಲಿಕೆ. ಆದರೆ ಇದೊಂದಕ್ಕಾಗಿ ಐದಂಕಿಯ ಮೊತ್ತ ಕೊಟ್ಟು ಸ್ವೀಟ್ ಕೊಳ್ಳುವುದು ದುಂದು.

ಹಿಗ್ಗಿಸುವಿಕೆ: ಒಂದು ಸಂಜೆಯಲ್ಲಿ ಡ್ರೋನ್

ಆಡಾಸಿಟಿಯಲ್ಲೇ ಸದ್ದನ್ನು ಹಿಗ್ಗಿಸುವ ಪಾಲ್‌ಸ್ಟ್ರೆಚ್ ಇದೆ. ಎಂಟು ಸೆಕೆಂಡಿನ ಅನುರಣನ ಆರಿಸಿ, ಹಿಗ್ಗುವ ಪ್ರಮಾಣ 10 ಕೊಟ್ಟರೆ 80 ಸೆಕೆಂಡಿನ ಡ್ರೋನ್, ಅಂದರೆ ತಂಬೂರಿಯಂತೆ ಎಡೆಬಿಡದ ನಾದ, ಸಿದ್ಧ. ಕಾಸು ಬೇಡ, ಕಲಿಕೆ ಬೇಡ. ಆಂಬಿಯೆಂಟ್ ಸಂಗೀತ ಮಾಡುವವರು, ಕಿರುಚಿತ್ರಕ್ಕೆ ಹಿನ್ನೆಲೆ ಬೇಕಾದವರು ಇಲ್ಲಿಗೇ ನಿಲ್ಲಬಹುದು.

ಕಳೆದುಕೊಳ್ಳುವುದು ಏನೆಂದರೆ, ಗಂಟೆಯ ಉಸಿರಾಟ. ಎರಕದ ಸಣ್ಣ ಅಸಮತೆಯಿಂದಾಗಿ ಪ್ರತಿ ಪಾರ್ಷಿಯಲ್ ಒಂದರ ಪಕ್ಕದಲ್ಲೊಂದು ಎರಡು ಸ್ವರಗಳಾಗಿ ಒಡೆದಿರುತ್ತದೆ, ನಡುವೆ ಒಂದು ಹರ್ಟ್ಸ್ ಅಷ್ಟೇ ಅಂತರ ಇರಬಹುದು. ಅನುರಣನದಲ್ಲಿ ಕೇಳುವ ನಿಧಾನದ ಏರಿಳಿತ ಇದರಿಂದ. ಪಾಲ್‌ಸ್ಟ್ರೆಚ್‌ನ ಟೈಮ್ ರೆಸಲ್ಯೂಷನ್ 0.25 ಸೆಕೆಂಡ್ ಇದ್ದಾಗ ಅದು 4 ಹರ್ಟ್ಸ್‌ಗಿಂತ ಹತ್ತಿರದ ಸ್ವರಗಳನ್ನು ಬೇರೆ ಬೇರೆಯಾಗಿ ಕಾಣಲಾರದು. ಫೇಸನ್ನು (ಅಲೆಗಳು ಒಂದಕ್ಕೊಂದು ಹೊಂದಿ ಏರಿಳಿಯುವ ಕ್ರಮವನ್ನು) ಅದು ಚೆಲ್ಲಾಪಿಲ್ಲಿ ಮಾಡುವುದರಿಂದ ನಿಯಮಿತ ಏರಿಳಿತ ಹೋಗಿ ಗೊತ್ತುಗುರಿಯಿಲ್ಲದ ಅಲುಗಾಟ ಉಳಿಯುತ್ತದೆ. ರೆಸಲ್ಯೂಷನನ್ನು 2 ಸೆಕೆಂಡಿಗೆ ಏರಿಸಿ ನೋಡಿ, ಸದ್ದು ಹೆಚ್ಚು ನಯವಾಗುತ್ತದೆ. ಏಟು ಹೇಗೂ ಉಳಿಯುವುದಿಲ್ಲ.

ಏಟಿನ ಸುಳಿವಾದರೂ ಉಳಿಯಬೇಕು, ಎರಡು ಮೂರು ಪಟ್ಟು ಹಿಗ್ಗಿದರೆ ಸಾಕು ಎನ್ನುವವರಿಗೆ ಫೇಸ್ ವೊಕೋಡರ್ ಮಾದರಿಯ ಸ್ಟ್ರೆಚ್ ಸರಿ. ಅಲ್ಲಿ ಎಫ್‌ಎಫ್‌ಟಿ ಗಾತ್ರ (ಒಂದು ಸಲಕ್ಕೆ ವಿಶ್ಲೇಷಿಸುವ ತುಣುಕಿನ ಉದ್ದ) 4096 ಇಟ್ಟರೆ 48 ಕಿಲೋಹರ್ಟ್ಸ್‌ನಲ್ಲಿ ಒಂದು ಬಿನ್ (ಅದು ಬಿಡಿಸಿ ಕಾಣಬಲ್ಲ ಆವರ್ತನದ ಮೆಟ್ಟಿಲು) ಸುಮಾರು 12 ಹರ್ಟ್ಸ್, ಏಟು 85 ಮಿಲಿಸೆಕೆಂಡಿನಷ್ಟು ಹರಡುತ್ತದೆ. 16384 ಇಟ್ಟರೆ ಬಿನ್ 3 ಹರ್ಟ್ಸ್‌ಗೆ ಇಳಿದು ಸ್ವರಗಳು ಸ್ಪಷ್ಟವಾಗುತ್ತವೆ, ಏಟು ಮಾತ್ರ ಮೂರನೇ ಒಂದು ಸೆಕೆಂಡಿನಷ್ಟು ಅಲಗಿಲ್ಲದೆ ಹರಡಿಹೋಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಏಟನ್ನು ಕತ್ತರಿಸಿ ಹಾಗೇ ಇಟ್ಟು, ಬಾಲವನ್ನು ಮಾತ್ರ ದೊಡ್ಡ ಎಫ್‌ಎಫ್‌ಟಿಯಲ್ಲಿ ಹಿಗ್ಗಿಸಿ ಜೋಡಿಸುವುದು ರೂಢಿಯ ಉಪಾಯ.

ಮುದ್ರಣದ ದೋಷಗಳಿಗೆ ಅತ್ಯಂತ ನಿರ್ದಯ ವಿಧಾನ ಇದೇ. ಹಿಂದೆ ಹೋದ ಆಟೋ ಹತ್ತು ಪಟ್ಟು ಹಿಗ್ಗಿ ಒಂದು ನಿಮಿಷ ನಿಲ್ಲುತ್ತದೆ. ನಾಯ್ಸ್ ರಿಡಕ್ಷನ್ ಮಾಡಿ ಹಿಗ್ಗಿಸಿದರೆ ಅದು ಬಿಟ್ಟ ಚಿಲಿಪಿಲಿ ಇನ್ನೂ ಕೆಟ್ಟದು.

ಮರುಕಟ್ಟಣೆ: ಗಂಟೆಯ ಒಳಗಿನಿಂದ ಸಂಗೀತ ತೆಗೆಯುವವರಿಗೆ

ಗಂಟೆಯನ್ನು ಪಾರ್ಷಿಯಲ್‌ಗಳಾಗಿ ವಿಶ್ಲೇಷಿಸಿ, ಪ್ರತಿಯೊಂದನ್ನೂ ಒಂದು ಸೈನ್ ಅಲೆಯಾಗಿ (ಒಂದೇ ಆವರ್ತನದ ಶುದ್ಧ ಸ್ವರವಾಗಿ) ಮತ್ತೆ ಕಟ್ಟುವುದು. ಹಾರ್ವಿ ಹಿಡಿದದ್ದು ಇದೇ ದಾರಿ. ಅವನ ಕೃತಿಯ ಎಂಟು ಭಾಗಗಳಲ್ಲಿ ಒಂದೊಂದೂ ಗಂಟೆಯ ಕೆಳಗಿನ ಎಂಟು ಪಾರ್ಷಿಯಲ್‌ಗಳಲ್ಲಿ ಒಂದರ ಮೇಲೆ ನಿಂತಿದೆ. ಗಂಟೆ ಅಲ್ಲಿ ವಾದ್ಯವೂ ಹೌದು, ಕೃತಿಯ ಕಟ್ಟೋಣವೂ ಹೌದು.

ಆಗ ದೊಡ್ಡ ಗಣಕಯಂತ್ರ ಬೇಕಿದ್ದ ಕೆಲಸ ಈಗ ಸ್ಪಿಯರ್ ಎಂಬ ಉಚಿತ ತಂತ್ರಾಂಶದಲ್ಲಿ ಆಗುತ್ತದೆ. ಹಳೆಯದಾದರೂ ಗಂಟೆಗೆ ಹೇಳಿ ಮಾಡಿಸಿದಂತಿದೆ. ವಿಶ್ಲೇಷಣೆ ಮಾಡುವಾಗ ಫ್ರೀಕ್ವೆನ್ಸಿ ರೆಸಲ್ಯೂಷನ್ ನಿಮ್ಮ ಗಂಟೆಯ ಅತಿ ಹತ್ತಿರದ ಎರಡು ಪಾರ್ಷಿಯಲ್‌ಗಳ ಅಂತರಕ್ಕಿಂತ ಕಡಿಮೆ ಇರಲಿ. 220, 440, 528ರ ಗಂಟೆಗೆ 40, 50 ಹರ್ಟ್ಸ್ ಸಾಕು, ದೊಡ್ಡ ಗಂಟೆಗೆ ಇನ್ನೂ ಕೆಳಗೆ. ನೂರಾರು ಸಣ್ಣ ಗೆರೆಗಳು ಬರುತ್ತವೆ. ಅರ್ಧ ಸೆಕೆಂಡಿಗಿಂತ ಗಿಡ್ಡ ಗೆರೆಗಳನ್ನು ಅಳಿಸಿದರೆ ಗಾಳಿ, ವಾಹನ, ಕಾಗೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಗದ್ದಲದ ಮುದ್ರಣವಷ್ಟೇ ಕೈಯಲ್ಲಿದ್ದರೂ ಈ ವಿಧಾನ ಕಾಪಾಡುತ್ತದೆ. ಹಿಗ್ಗಿಸುವಿಕೆ ಸೋಲುವಲ್ಲಿ ಇದು ಗೆಲ್ಲುತ್ತದೆ.

ಅಲ್ಲಿಂದ ಮುಂದೆ ಏನು ಬೇಕಾದರೂ ಮಾಡಬಹುದು. ಟಿಯರ್ಸ್ ಗೆರೆಯನ್ನು 528ರಿಂದ 550ಕ್ಕೆ ಎತ್ತಿದರೆ ಅನುಪಾತ 1.25, ಗಂಟೆ ಅಂತರ ಗಾಂಧಾರಕ್ಕೆ ಹೊರಳಿ ಮೇಜರ್ ಕಾರ್ಡಿಗೂ ಹೊಂದುತ್ತದೆ. ಹಮ್ ಅನ್ನು ನಿಲ್ಲಿಸಿ ಉಳಿದವನ್ನು ಮಾತ್ರ ಆರಲು ಬಿಡಬಹುದು. ಒಂದು ಗಂಟೆಯ ಸ್ವರಗಳಿಂದ ಇನ್ನೊಂದರ ಸ್ವರಗಳಿಗೆ ನಿಧಾನವಾಗಿ ಜಾರಿಸಬಹುದು. ಉಳಿದ ಸಿಂಥಸೈಜರ್‌ಗಳನ್ನು ಈ ಆವರ್ತನಗಳಿಗೇ ಶ್ರುತಿ ಮಾಡಿದರೆ ಸ್ವರಮೇಳದ ಜಗಳವೇ ಹುಟ್ಟುವುದಿಲ್ಲ.

ಎರಡು ಕಡೆ ಎಚ್ಚರ ಬೇಕು. ಸೈನ್ ಅಲೆಗಳಿಂದ ಕಟ್ಟಿದ ಗಂಟೆಗೆ ಏಟಿನ ಖಣಿಲ್ ಸದ್ದು ಇರುವುದಿಲ್ಲ, ಯಾರೋ ಗಾಜಿನ ಬಟ್ಟಲು ಉಜ್ಜಿದಂತಿರುತ್ತದೆ. ಮೂಲ ಮುದ್ರಣದ ಮೊದಲ 80 ಮಿಲಿಸೆಕೆಂಡನ್ನು ಮುಂದೆ ಇಟ್ಟು, 20, 30 ಮಿಲಿಸೆಕೆಂಡಿನ ಕ್ರಾಸ್‌ಫೇಡ್‌ನಲ್ಲಿ (ಒಂದು ಇಳಿಯುತ್ತಾ ಇನ್ನೊಂದು ಏರುವಂತೆ) ಹೊಲಿಯಿರಿ. ಇನ್ನೊಂದು, ಜೋಡಿ ಸ್ವರಗಳನ್ನು ಸ್ಪಿಯರ್ ಬೇರೆ ಮಾಡದೆ ಏರಿಳಿಯುವ ಒಂದೇ ಗೆರೆಯಾಗಿ ತೋರಿಸುತ್ತದೆ. ಹಾಗೇ ನುಡಿಸಿದರೆ ತೊಂದರೆಯಿಲ್ಲ. ನಾಲ್ಕು ಪಟ್ಟು ಹಿಗ್ಗಿಸಿದರೆ ಸೆಕೆಂಡಿಗೊಮ್ಮೆಯ ಏರಿಳಿತ ನಾಲ್ಕು ಸೆಕೆಂಡಿಗೊಮ್ಮೆ ಆಗಿ ಗಂಟೆ ಆಲಸಿಯಾಗುತ್ತದೆ. ಆ ಪಾರ್ಷಿಯಲ್‌ಗೆ ಒಂದು ಹರ್ಟ್ಸ್ ಅಂತರದ ಎರಡು ಸೈನ್‌ಗಳನ್ನು ನೀವೇ ಕೊಟ್ಟರೆ ಸರಿಹೋಗುತ್ತದೆ.

ಸಮಯ ತಿನ್ನುವ ಕೆಲಸ ಇದು. ಒಂದು ಗಂಟೆಯನ್ನು ಸರಿಯಾಗಿ ಬಿಡಿಸಿ ಕಟ್ಟಲು ಒಂದು ವಾರಾಂತ್ಯ ಇಡಿ. ನೇರ ಕಛೇರಿಗೆ ನುಡಿಸಬೇಕಾದರೆ ಫಲಿತಾಂಶವನ್ನು ರೆಂಡರ್ ಮಾಡಿ ಸ್ಯಾಂಪ್ಲರ್‌ಗೇ ಹಾಕಬೇಕಾಗುತ್ತದೆ.

ಮುದ್ರಣ ಪೂರ್ತಿ ಕೈಕೊಟ್ಟಿದ್ದರೆ ಮುದ್ರಣವಿಲ್ಲದೆಯೂ ಗಂಟೆ ಕಟ್ಟಬಹುದು. ಫ್ರೆಂಚ್ ಸಂಗೀತ ರಚನಕಾರ ಝಾನ್ ಕ್ಲೋಡ್ ರಿಸ್ಸೆ 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಬರೆದಿಟ್ಟ ಪಾಕ ಇಂದಿಗೂ ಚೆನ್ನಾಗಿದೆ: 0.56, 0.92, 1.19, 1.7, 2, 2.74, 3, 3.76, 4.07 ಅನುಪಾತಗಳು, ಮೊದಲ ಎರಡಕ್ಕೆ ಒಂದೊಂದು ಜೊತೆಗಾರ ಸ್ವರ, 1 ಮತ್ತು 1.7 ಹರ್ಟ್ಸ್ ಮೇಲೆ. ಕೆಳಗಿನವು ದೀರ್ಘ, ಮೇಲಿನವು ಗಿಡ್ಡ. ಎಫ್‌ಎಂ ಸಿಂಥ್ (ಒಂದು ಅಲೆಯ ಆವರ್ತನವನ್ನು ಇನ್ನೊಂದರಿಂದ ಅಲುಗಿಸುವ ಬಗೆ) ಇದ್ದರೆ ಕ್ಯಾರಿಯರ್ (ಅಲುಗುವ ಅಲೆ) ಮತ್ತು ಮಾಡ್ಯುಲೇಟರ್ (ಅಲುಗಿಸುವ ಅಲೆ) 1ಕ್ಕೆ 1.4, ಇಂಡೆಕ್ಸ್ (ಅಲುಗಿಸುವ ಪ್ರಮಾಣ) 10ರಿಂದ ಶುರುವಾಗಿ ಸೊನ್ನೆಗೆ ಇಳಿಯಲಿ. ಜಾನ್ ಚೌನಿಂಗ್ 1973ರಲ್ಲಿ ಪ್ರಕಟಿಸಿದ ಸೂತ್ರ ಅದು. ಇವು ಗಂಟೆಯಂತೆ ಕೇಳುತ್ತವೆ, ಆದರೆ ಯಾವ ಊರಿನ ಗಂಟೆಯೂ ಅಲ್ಲ.

ಕಾನ್ವಲ್ಯೂಷನ್: ಬೇರೆ ಸದ್ದಿಗೆ ಗಂಟೆಯ ಮೈ

ಗಂಟೆಯ ವೇವ್ ಫೈಲನ್ನು ಕಾನ್ವಲ್ಯೂಷನ್ ರಿವರ್ಬ್‌ಗೆ ಇಂಪಲ್ಸ್ ಆಗಿ (ಅನುರಣನದ ಮಾದರಿಯಾಗಿ) ಕೊಟ್ಟರೆ ಒಳಗೆ ಹೋದ ಸದ್ದೆಲ್ಲ ಗಂಟೆಯಾಗಿ ಅನುರಣಿಸುತ್ತದೆ. ರೀಪರ್ ಎಂಬ ಡಿಎಡಬ್ಲ್ಯೂನಲ್ಲಿ ಇದಕ್ಕಾಗಿ ರೀವರ್ಬ್ (ReaVerb) ಪ್ಲಗಿನ್ ಜೊತೆಗೇ ಬರುತ್ತದೆ. 60 ದಿನ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಪರವಾನಗಿ 60 ಡಾಲರ್. ಖಂಜಿರದ ಏಟು, ಚಪ್ಪಾಳೆ, ವ್ಯಂಜನಗಳಿಂದ ತುಂಬಿದ ಮಾತು, ಇಂಥ ಗಿಡ್ಡ ಒಣ ಸದ್ದುಗಳೇ ಇದಕ್ಕೆ ಸರಿ. ಕೊಳಲೋ ದನಿಯೋ ಆದರೆ ಗಂಟೆಯ ಪಾರ್ಷಿಯಲ್‌ಗೆ ಸ್ವರ ತಾಗಿದ ಕೂಡಲೇ ಸದ್ದು ಬಾಂಬಿನಂತೆ ಏಳುತ್ತದೆ, ತಾಗದಿದ್ದಾಗ ಹೆಚ್ಚುಕಡಿಮೆ ಏನೂ ಕೇಳುವುದಿಲ್ಲ. ಇಂಪಲ್ಸ್‌ನಿಂದ ಏಟನ್ನು ಕತ್ತರಿಸಿ ಬಾಲವನ್ನಷ್ಟೇ ಇಡಿ. ಮೊದಲ ಸಲ ಕೇಳುವಾಗ ಹೊರಮಟ್ಟ 20 ಡೆಸಿಬೆಲ್ ಇಳಿಸಿರಲಿ, ಕೊನೆಗೆ ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಇರಲಿ. 3 ಸೆಕೆಂಡಿನ ಸದ್ದಿಗೆ 12 ಸೆಕೆಂಡಿನ ಗಂಟೆ ಬೆರೆಸಿದರೆ ಫಲ 15 ಸೆಕೆಂಡ್, ತಾಳಕ್ಕೆ ಜಾಗವಿಲ್ಲದಂತೆ ತುಂಬಿಬಿಡುತ್ತದೆ. ಇಂಪಲ್ಸನ್ನು 2, 3 ಸೆಕೆಂಡಿಗೆ ಕತ್ತರಿಸಿದರೆ ತಾಳ ಉಳಿಯುತ್ತದೆ.

ಹಾಗಾದರೆ ನೀವು?

ಲ್ಯಾಪ್‌ಟಾಪ್ ಬಿಟ್ಟು ಖರ್ಚೇ ಬೇಡ, ಮೊದಲ ಸಲ ಎನ್ನುವವರು ಆಡಾಸಿಟಿ ಮತ್ತು ಡಿಸೆಂಟ್ ಸ್ಯಾಂಪ್ಲರ್‌ನಿಂದ ಶುರುಮಾಡಿ. ಏಟಿಗೆ ಸ್ಯಾಂಪ್ಲರ್, ಹಿಂದೆ ಹಿಗ್ಗಿಸಿದ ಡ್ರೋನ್, ಇಷ್ಟರಲ್ಲಿ ಒಂದು ಕೃತಿ ನಿಲ್ಲುತ್ತದೆ. ಕೈಯಲ್ಲಿರುವ ಮುದ್ರಣ ರಸ್ತೆಯ ಗದ್ದಲದಿಂದ ತುಂಬಿದ್ದರೆ ಗ್ರ್ಯಾನ್ಯುಲರ್, ಹಿಗ್ಗಿಸುವಿಕೆ ಎರಡನ್ನೂ ಮರೆತು ಸ್ಪಿಯರ್ ಕಲಿಯಿರಿ. ಟೆಕ್ನೋ ಅಥವಾ ಬೀಟ್ ಮಾಡುವವರಿಗೆ ಸ್ಯಾಂಪ್ಲರ್ ಒಂದೇ ಸಾಕು. ಅನುರಣನವನ್ನು ಒಂದೂವರೆ ಸೆಕೆಂಡಿಗೆ ಕತ್ತರಿಸಿ, ಕಿಕ್ ಡ್ರಮ್‌ನ ಏಟು ಬಿದ್ದಾಗ ಗಂಟೆ ತಗ್ಗುವಂತೆ ಸೈಡ್‌ಚೈನ್ ಕೊಡಿ. ನೇರ ಪ್ರದರ್ಶನ ಮಾಡುವವರು ಗ್ರ್ಯಾನ್ಯುಲರ್‌ಗೆ ದುಡಿದ ಸಮಯ ವ್ಯರ್ಥವಾಗುವುದಿಲ್ಲ. ವೀಣೆಯೋ ಗಾಯನವೋ ಇರುವ ಕೃತಿಗೆ ಗಂಟೆ ಬೇಕಾದವರು ಮಾತ್ರ ಮರುಕಟ್ಟಣೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಗಾಯಕಿಯ ಷಡ್ಜವನ್ನು ಗಂಟೆಗೆ ಹೊಂದಿಸು ಎನ್ನುವುದು ಆಗುವ ಮಾತಲ್ಲ, ಗಂಟೆಯೇ ಬಗ್ಗಬೇಕು. ನಾಟಕದಲ್ಲಿ ಬರೀ ಗಂಟೆ ಹೊಡೆಯುವ ದೃಶ್ಯವಿದ್ದರೆ ಈ ಯಾವುದೂ ಬೇಡ, ಮುದ್ರಣಕ್ಕೆ 80 ಹರ್ಟ್ಸ್ ಹೈಪಾಸ್, ಕೊನೆಗೊಂದು ಫೇಡ್, ಅಷ್ಟೇ.

ಇನ್ನೂ ತೂಗಾಡುತ್ತಿದ್ದರೆ ಒಂದು ಪರೀಕ್ಷೆ ಇದೆ. ಐದೂ ವಿಧಾನದಲ್ಲಿ ಇಪ್ಪತ್ತು ಸೆಕೆಂಡಿನ ತುಣುಕು ಮಾಡಿ ನಿಮ್ಮ ಹಾಡಿನ ಕೆಳಗೆ ಹಾಕಿ, ಹೆಡ್‌ಫೋನ್ ತೆಗೆದು ಮೊಬೈಲಿನ ಸ್ಪೀಕರಿನಲ್ಲಿ ಕೇಳಿ. ಅಲ್ಲಿ 130 ಹರ್ಟ್ಸ್‌ನ ಹಮ್ ಹೆಚ್ಚುಕಡಿಮೆ ಮಾಯವಾಗುತ್ತದೆ, ಹಮ್ ಅನ್ನೇ ನೆಚ್ಚಿ ಮಾಡಿದ ಡ್ರೋನ್ ಕೂಡ. ಸ್ಯಾಂಪ್ಲರ್‌ನ ಏಟು ಮಾತ್ರ ಸ್ವರ ಸಮೇತ ನಿಲ್ಲುತ್ತದೆ, ಆ ಸ್ವರವನ್ನು ಕಿವಿ ಕಟ್ಟಿಕೊಳ್ಳುವುದು ಮೇಲಿನ ಪಾರ್ಷಿಯಲ್‌ಗಳಿಂದ. ನಿಮ್ಮ ಕೇಳುಗರು ಮೊಬೈಲಿನವರಾದರೆ ಡ್ರೋನಿನಲ್ಲಿ ನಾಮಿನಲ್ ಮತ್ತು ಅದರ ಮೇಲಿನ ಎರಡು ಪಾರ್ಷಿಯಲ್‌ಗಳನ್ನು 3ರಿಂದ 6 ಡೆಸಿಬೆಲ್ ಏರಿಸಿ ಮತ್ತೊಮ್ಮೆ ಕೇಳಿ.